ಎಡಕ್ಕೆ ಎಳೆಯುವ ಗರಗಸ

ಅನುಮಾನ ನನ್ನ ಹುಟ್ಟುಗುಣ. ಕೇದಾರ ಘಾಟಿನ ಹತ್ತಿರದ ನಮ್ಮ ಮಠದಲ್ಲಿ ಉಗ್ರಾಣದ ಕೆಲಸ ಸಿಕ್ಕಿದ್ದೂ ಬಹುಶಃ ಅದಕ್ಕೇ. ಗ್ಯಾಸ್ ಇದ್ದರೂ ಯಾತ್ರಿಕರ ಗುಂಪು ಬಂತೆಂದರೆ ಕೊಪ್ಪರಿಗೆ ಏರುವುದು ಸೌದೆ ಒಲೆಗೇ. ಸೌದೆಗೆಂದು ಹಿಂದಿ ಮಾತಾಡುವ ಈ ಊರಿನವನೇ ಒಬ್ಬ ಹದಿನೆಂಟು ವರ್ಷದಿಂದ ಇದ್ದ, ನಮ್ಮ ಅಡುಗೆಮನೆಯಲ್ಲೇ ಕನ್ನಡ ಕಲಿತವನು. ಎರಡು ವರ್ಷದ ಹಿಂದೆ ಭಕ್ತರೊಬ್ಬರು ಪೆಟ್ರೋಲ್ ಗರಗಸ ಕೊಡಿಸಿದರು.

ಕೊಡಲಿ ಹಿಡಿದವನಿಗೆ ಯಂತ್ರ ಕಂಡರೆ ಆಗುತ್ತದೆಯೇ? ಹಾಳು ಮಾಡಿಯಾನು ಎಂದು ಗರಗಸವನ್ನು ಉಗ್ರಾಣದೊಳಗಿಟ್ಟು ಬೀಗ ಜಡಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವವನು ನಾನೇ, ಶನಿವಾರಕ್ಕೊಮ್ಮೆ ಅರ ಹಿಡಿದು ಚೈನಿನ ಹಲ್ಲು ಮಸೆಯುವವನೂ ನಾನೇ. ಅವನಿಗೆ ಕೊಯ್ಯುವುದನ್ನಷ್ಟೇ ಬಿಟ್ಟಿದ್ದೆ.

ಈ ಮಾಘದಲ್ಲಿ ಗರಗಸ ಎಡಕ್ಕೆ ಎಳೆಯತೊಡಗಿತು. ಮಾವಿನ ದಿಮ್ಮಿಯಲ್ಲಿ ನೆಟ್ಟಗೆ ಇಳಿಯಬೇಕಾದ ಕೊಯ್ತ ಬಾಳೆಹಣ್ಣಿನ ಹಾಗೆ ಬಾಗುತ್ತಿತ್ತು. ಸ್ಕ್ರೂ ತಿರುಗಿಸಿ ಎಂಜಿನ್ನಿನ ಶ್ರುತಿ ಸರಿಮಾಡಿದೆ. ಸದ್ದು ಸರಿಹೋಯಿತು, ಕೊಯ್ತ ಸರಿಹೋಗಲಿಲ್ಲ. ಇದು ಅವನು ಬೇಕೆಂದೇ ಮಾಡುತ್ತಿರುವ ಕೆಲಸ ಎಂದು ಖಾತ್ರಿಯಾಗಿ, ಕಂಬದ ಮರೆಯಲ್ಲಿ ಮೂರು ದಿನ ನಿಂತು ನೋಡಿದೆ. ಅವನು ಗರಗಸ ಹಿಡಿದಾಗಲೆಲ್ಲ ಮೈಯನ್ನು ಬಲಕ್ಕೆ ವಾಲಿಸುತ್ತಿದ್ದ. ಸಿಕ್ಕಿಬಿದ್ದ ಅಂದುಕೊಂಡೆ.

"ಯಾಕೋ ಹಾಗೆ ವಾಲ್ತೀಯ? ಮಶೀನ್ ಕೆಡಿಸೋಕೆ ತಾನೆ?"

"ಇಲ್ಲ ಸ್ವಾಮಿ, ಲಕ್ಡಿ ಸೀಧಾ ಕಟ್ ಆಗ್ಲಿ ಅಂತ..."

"ಸಾಕು ಮಾಡು. ನಾಳೆಯಿಂದ ಬರಬೇಡ."

ಅರವತ್ತರ ಹತ್ತಿರದ ಆ ವಯಸ್ಸಿನಲ್ಲಿ ಅವನಿಗೆ ಬೇರೆಲ್ಲೂ ಕೆಲಸ ಸಿಗದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವನು ಹೆಗಲ ಗಮ್ಛಾ ವಸ್ತ್ರದಿಂದ ಗರಗಸದ ಮೇಲಿನ ಹೊಟ್ಟು ಒರೆಸಿಟ್ಟು ಹೋದ. ಆ ವಿನಯವೂ ನನಗೆ ನಾಟಕವಾಗಿಯೇ ಕಂಡಿತು.

ಮರುದಿನ ಗರಗಸವನ್ನು ಭೇಲೂಪುರದ ರಿಪೇರಿ ಮಿಸ್ತ್ರಿಯ ಹತ್ತಿರ ಒಯ್ದೆ. ನಮ್ಮ ಚೈನು ತೆಗೆದು ಯಾವುದೋ ಹಳೆಯದನ್ನು ತೊಡಿಸಿಬಿಟ್ಟಾನು ಎಂದು ಅವನ ಪಕ್ಕದಲ್ಲೇ ಸ್ಟೂಲು ಎಳೆದು ಕೂತೆ. ಅವನು ಎಂಜಿನ್ ಮುಟ್ಟಲೇ ಇಲ್ಲ. ಚೈನನ್ನು ಬೆಳಕಿಗೆ ಹಿಡಿದು, ಅರ ಹಾಕುವವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ನಾನೇ ಎಂದೆ, ತುಸು ಜಂಬದಿಂದಲೇ.

ಅವನು ಹಲ್ಲುಗಳನ್ನು ಒಂದೊಂದಾಗಿ ತೋರಿಸಿದ. ಎಡಸಾಲಿನವು ಚೂಪಾಗಿದ್ದವು. ಬಲಸಾಲು ನನ್ನ ಅರಕ್ಕೆ ಸರಿಯಾಗಿ ಸಿಗದೆ ಮೊಂಡಾಗಿಯೇ ಉಳಿದಿತ್ತು. ಚೂಪು ಇದ್ದ ಕಡೆಗೇ ಗರಗಸ ಎಳೆಯುತ್ತದಂತೆ. "ಇದರಲ್ಲಿ ನೆಟ್ಟಗೆ ಕೊಯ್ಯಲು ಹೆಣಗಿದವನ ಭುಜ ಹೋಗಿರುತ್ತದೆ" ಎಂದ.

ಅಲ್ಲಿಂದ ನೇರ ಸೌದೆಯವನ ಮನೆಗೆ ಹೊರಟೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೋಗದ ಮನೆ, ದಾರಿ ಕೇಳಿಕೊಂಡೇ ಹೋಗಬೇಕಾಯಿತು. ಹೆಂಡತಿ ಅವನ ಭುಜಕ್ಕೆ ಬಿಸಿ ಸಾಸಿವೆ ಎಣ್ಣೆ ತಿಕ್ಕುತ್ತಿದ್ದಳು.

"ತಪ್ಪು ನಂದು ಅಂತ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಂಬ್ತಿದ್ರಾ ಸ್ವಾಮಿ?"

ಉಗ್ರಾಣದ ಬೀಗದ ಕೈಯನ್ನು ಅವನ ಮುಂದಿಟ್ಟು, ನಾಳೆ ಬಾ, ಇನ್ನು ಮಸೆಯುವುದೂ ನಿನ್ನದೇ ಎಂದೆ. ಅವನು ಅದನ್ನು ಮುಟ್ಟಲಿಲ್ಲ. ಇದರಲ್ಲಿ ಇನ್ನೇನು ಸಂಚು ಇದೆಯೋ ಎಂಬಂತೆ ನನ್ನ ಮುಖವನ್ನೇ ನೋಡುತ್ತ ಕೂತ.