ಹೊಲಿಗೆ ಹಾಕಿದ ಟೋಕನ್

ನಾನು ಚಿಕ್ಕವನಿದ್ದಾಗ ಎಲ್ಲ ಮೋಟಾರ್ ಸೈಕಲ್ಲುಗಳ ಮುಂದೆಯೂ ಒಂದು ದುಂಡನೆಯ ಬಿಲ್ಲೆ ಇರುತ್ತಿತ್ತು. ತಗಡಿನ ಪುಟ್ಟ ಡಬ್ಬಿ, ಅದಕ್ಕೆ ಗಾಜಿನ ಮುಚ್ಚಳ, ಒಳಗೊಂದು ಕಾಗದ. ಈ ಗಾಡಿಯ ತೆರಿಗೆ ಕಟ್ಟಿದೆ ಎಂದು ಸರ್ಕಾರ ಕೊಡುತ್ತಿದ್ದ ಕಾಗದ ಅದು. ನಾವು ಅದನ್ನು ಟೋಕನ್ ಎನ್ನುತ್ತಿದ್ದೆವು. ಟೋಕನ್ ಇಲ್ಲದೆ ರಸ್ತೆಗಿಳಿದು ಸಿಕ್ಕಿಬಿದ್ದರೆ ಗಾಡಿಯನ್ನು ಠಾಣೆಯವರೆಗೆ ನಾವೇ ತಳ್ಳಿಕೊಂಡು ಹೋಗಿ ಬಿಟ್ಟು ಬರಬೇಕಿತ್ತು.

ನಮ್ಮಪ್ಪ ತುಮಕೂರಿನಲ್ಲಿ ದರ್ಜಿ. ಅಪ್ಪನನ್ನು ನಾವು ಅಬ್ಬಾ ಎಂದು ಕರೆಯುತ್ತಿದ್ದೆವು, ಅಕ್ಕನನ್ನು ಆಪಾ ಎಂದು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಗಿರಾಕಿಗಳ ಎದುರು ಅವರಿಗೆ ತಿಳಿಯದ ಮಾತು ಆಡಬಾರದೆಂದು ಅಬ್ಬಾನ ಕಟ್ಟಪ್ಪಣೆ. ಹಾಗಾಗಿ ಅಂಗಡಿಯ ಹೊಸ್ತಿಲು ದಾಟಿದರೆ ನನಗೆ ಬೈಗುಳವೂ ಕನ್ನಡದಲ್ಲೇ ಸಿಗುತ್ತಿತ್ತು. ಹೊಸ ಬಟ್ಟೆಯ ಗಂಜಿ, ಮಷೀನಿನ ಎಣ್ಣೆ, ಇಸ್ತ್ರಿಪೆಟ್ಟಿಗೆಯ ಇದ್ದಿಲು, ಒದ್ದೆ ಬಟ್ಟೆಯಿಂದ ಬುಸ್ಸೆಂದು ಏಳುವ ಹಬೆ ಎಲ್ಲ ಸೇರಿದ ಆ ಅಂಗಡಿಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಮೇಜಿನ ಮೇಲೊಂದು ದೊಡ್ಡ ಕತ್ತರಿ ಇತ್ತು. ಅದು ಅಬ್ಬಾನ ಪ್ರಾಣ. ಬಟ್ಟೆ ಬಿಟ್ಟು ಬೇರೇನನ್ನೂ ಅದು ಮುಟ್ಟುವಂತಿರಲಿಲ್ಲ. ಕಾಗದ ಕತ್ತರಿಸಿದರೆ ಅಲಗು ಮೊಂಡಾಗುತ್ತದೆ. ದರ್ಜಿಗಳ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇಲ್ಲ. ಕಾಗದಕ್ಕೆಂದೇ ಗೂಡಿನಲ್ಲಿ ಬೇರೆ ಸಣ್ಣ ಕತ್ತರಿ ಇತ್ತು, ಅದು ಆಪಾನದು. ಟೋಕನ್ ಚೌಕದ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು, ನಾವೇ ಅದನ್ನು ದುಂಡಗೆ ಕತ್ತರಿಸಿ ಡಬ್ಬಿಯಲ್ಲಿ ಕೂರಿಸಬೇಕು. ಆಪಾ ಒಂದೇ ಸುತ್ತಿಗೆ ಚಂದ್ರನ ಹಾಗೆ ದುಂಡಗೆ ಕತ್ತರಿಸುತ್ತಿದ್ದಳು. ಬೀದಿಯಲ್ಲಿ ಗಾಡಿ ಇದ್ದವರೆಲ್ಲ ಹೊಸ ಟೋಕನ್ ಹಿಡಿದು ಅವಳ ಹತ್ತಿರವೇ ಬರುತ್ತಿದ್ದರು. ಭೇಷ್ ಎನ್ನುತ್ತಿದ್ದರು. ನನಗೆ ಹೊಟ್ಟೆಯುರಿ.

ಅವತ್ತು ಶುಕ್ರವಾರ. ಆಪಾ ಗುಬ್ಬಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಕುಣಿಗಲ್‌ನ ದಿನಸಿ ಅಂಗಡಿಯವರ ಮಗನ ಮದುವೆ, ಆ ಸಂಜೆಯೇ ಆರತಕ್ಷತೆ. ಮದುವೆ ಗಂಡಿನ ಕೋಟು ನಮ್ಮ ಅಂಗಡಿಯಲ್ಲಿ ಹೊಲಿದದ್ದು. ಕೊನೆಯ ಗುಂಡಿ ಹಾಕಿ ಇಸ್ತ್ರಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಮಾಜ್ ಮುಗಿಸಿ ಬಂದು ಮೋಟಾರ್ ಸೈಕಲ್ಲಿನಲ್ಲಿ ಕೋಟು ತಲುಪಿಸಿ ಬರುತ್ತೇನೆಂದು ಅಬ್ಬಾ ಮಸೀದಿಗೆ ಹೋದರು. ಹಳೆಯ ಟೋಕನ್ನಿನ ಅವಧಿ ಹಿಂದಿನ ದಿನ ಮುಗಿದಿತ್ತು. ಹೊಸದು ಅಳತೆ ಪುಸ್ತಕದೊಳಗೆ ಚೌಕವಾಗಿಯೇ ಮಲಗಿತ್ತು.

ಅಬ್ಬಾ ಬರುವಷ್ಟರಲ್ಲಿ ನಾನೇ ಕತ್ತರಿಸಿ ಕೂರಿಸಿದರೆ ಎಷ್ಟು ಖುಷಿಪಡಬಹುದು ಎಂದುಕೊಂಡೆ. ಸಣ್ಣ ಕತ್ತರಿ ಹುಡುಕುವ ತಾಳ್ಮೆ ಯಾರಿಗಿದೆ? ದೊಡ್ಡದನ್ನೇ ಎತ್ತಿಕೊಂಡೆ. ದರ್ಜಿಯ ಮಗ ನೋಡಿ, ಮೊದಲು ಹೊಲಿಗೆಗೆ ಅಂತ ಒಂದು ಬೆರಳು ಜಾಗ ಬಿಟ್ಟು ಕತ್ತರಿಸಿದೆ. ಬಟ್ಟೆಯನ್ನು ಹಾಗೇ ಅಲ್ಲವೇ ಕತ್ತರಿಸುವುದು! ಡಬ್ಬಿಯೊಳಗೆ ಕೂರಲಿಲ್ಲ. ಒಂದು ಕಡೆ ಸವರಿದೆ, ಸೊಟ್ಟಗಾಯಿತು. ಅದನ್ನು ಸರಿ ಮಾಡಲು ಇನ್ನೊಂದು ಕಡೆ ಸವರಿದೆ. ಕೋತಿ ಬೆಣ್ಣೆ ಹಂಚಿದ ಹಾಗೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಕೊನೆಗೆ ಟೋಕನ್ ಡಬ್ಬಿಯೊಳಗೆ ಬಿತ್ತು, ಬಿದ್ದು ಲೊಡಲೊಡ ಎಂದು ಅಲ್ಲಾಡಿತು. ಅಂಚಿನಲ್ಲಿದ್ದ ತಿಂಗಳು, ಗಾಡಿಯ ನಂಬರಿನ ಬಾಲ, ನೇರಳೆ ಮೊಹರಿನ ಅರ್ಧ ಎಲ್ಲ ಚೂರುಚೂರಾಗಿ ನೆಲದ ಮೇಲಿತ್ತು.

ಅಬ್ಬಾ ಬಂದವರು ಮೊದಲು ನೋಡಿದ್ದು ಕತ್ತರಿಯನ್ನು. ಅಲಗಿಗೆ ಕಾಗದದ ಎಳೆ ಅಂಟಿತ್ತು.

"ಕಾಗ್ದಕ್ಕೆ ಈ ಕತ್ರಿ ಹಾಕಿದ್ಯೇನ್ಲಾ?" ಎಂದು ಕೂಗಿದರು. ಬೆಳಕಿಗೆ ಹಿಡಿದು ನೋಡಿದರು. ಒಂದು ತುಂಡು ಬಟ್ಟೆ ಕತ್ತರಿಸಿ ನೋಡಿ "ಹೋಯ್ತು, ಹೋಯ್ತು" ಎಂದು ತಲೆ ಚಚ್ಚಿಕೊಂಡರು.

"ಅಬ್ಬಾ, ಟೋಕನ್ನು..." ಎಂದೆ.

"ಟೋಕನ್ ಮನೆ ಹಾಳಾಗ್ಲಿ, ಕತ್ರಿ ನೋಡ್ಲಾ!" ಎಂದರು. ಆಮೇಲೆ ಕತ್ತರಿ ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಯಾವ್ ಟೋಕನ್ನು?"

ನಾನು ಡಬ್ಬಿ ತೋರಿಸಿದೆ. ಅಬ್ಬಾ ಸ್ಟೂಲಿನ ಮೇಲೆ ಕುಸಿದು ಕೂತರು. ಬಸ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಹೀಗೇ ಹೋದರೆ ದಾರಿಯಲ್ಲಿ ಗಾಡಿ ಪೊಲೀಸರ ಪಾಲಾಗುತ್ತದೆ, ಹೋಗದಿದ್ದರೆ ಮದುವೆ ಗಂಡು ಕೋಟಿಲ್ಲದೆ ನಿಲ್ಲುತ್ತಾನೆ. ಎರಡಕ್ಕೂ ನಾನೇ ಕಾರಣ. ಹೊಡೆದಿದ್ದರೆ ಚೆನ್ನಾಗಿತ್ತು, ಅಬ್ಬಾ ಹೊಡೆಯಲಿಲ್ಲ. ನನಗೆ ಅಳು ಬಂದುಬಿಟ್ಟಿತು.

"ಬಟ್ಟೆ ತಪ್ಪು ಕತ್ತರಿಸಿದ್ರೆ ಏನ್ಮಾಡ್ತೀವಿ?" ಎಂದು ಕೇಳಿದರು.

"ಜೋಡಿಸಿ ಹೊಲೀತೀವಿ."

"ಮತ್ತೆ ಅಳ್ತಾ ನಿಂತಿದೀಯಲ್ಲ? ಚೂರು ಆಯ್ಕೊಡು."

ನಾನು ಮಷೀನಿನ ಕೆಳಗೆ ಅಂಬೆಗಾಲಿಟ್ಟು ಹುಡುಕಿದೆ. ಮೂರು ಚೂರು ಬೇಗ ಸಿಕ್ಕವು. ನಾಲ್ಕನೆಯದು ನನ್ನ ಮೊಣಕಾಲಿಗೇ ಅಂಟಿಕೊಂಡಿತ್ತು. ಗೋಂದು ತರಲೇ ಎಂದರೆ ಅಬ್ಬಾನಿಗೆ ಅವಮಾನವಾದಂತಾಯಿತು. "ದರ್ಜಿ ಅಂಗಡೀಲಿ ಗೋಂದ್ಯಾಕ್ಲಾ?" ಎಂದರು. ಅಂಗಿಯ ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆಯನ್ನು ಡಬ್ಬಿಯ ಅಳತೆಗೆ ಕತ್ತರಿಸಿ, ಅದರ ಮೇಲೆ ಟೋಕನ್ ಇಟ್ಟು, ಸುತ್ತ ಚೂರುಗಳನ್ನು ಅವುಗಳ ಜಾಗದಲ್ಲೇ ಕೂರಿಸಿದರು. ಎಲ್ಲಕ್ಕಿಂತ ಸಣ್ಣ ಸೂಜಿಯಲ್ಲಿ ಬಿಳಿ ದಾರ ಪೋಣಿಸಿ ಉಸಿರು ಬಿಗಿಹಿಡಿದು ಹೊಲಿದರು. ಕೊನೆಗೆ ಮೊಹರಿನ ಅರ್ಧಕ್ಕೆ ಅರ್ಧ ಕೂಡಿಕೊಂಡಿತು, ನಂಬರಿಗೆ ಬಾಲ ಬಂತು. ಡಬ್ಬಿಯೊಳಗೆ ಇಟ್ಟರೆ ಅಲ್ಲಾಡಲಿಲ್ಲ.

"ನೀನೂ ಹತ್ತು" ಎಂದರು. "ಕತ್ತರಿಸ್ದೋನು ನೀನು. ಪೊಲೀಸ್ನೋರು ಕೇಳಿದ್ರೆ ನೀನೇ ಹೇಳ್ಬೇಕು."

ಬಿಳಿ ಬಟ್ಟೆಯಲ್ಲಿ ಸುತ್ತಿದ ಕೋಟನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಹಿಂದೆ ಕೂತೆ. ಕುಣಿಗಲ್ ರಸ್ತೆಯಲ್ಲಿ ಆಗ ಎರಡೂ ಕಡೆ ಹುಣಸೆಮರಗಳ ನೆರಳು. ರಾಗಿ ಹೊಲದ ಗಾಳಿ ಮುಖಕ್ಕೆ ತಣ್ಣಗೆ ಬೀಸುತ್ತಿತ್ತು. ಎಂಜಿನ್ನಿನ ಸದ್ದಿಗೆ ದನ ಕಾಯುವ ಮಕ್ಕಳು ಕೈ ಬೀಸುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೇ ರಾಜ. ಅವತ್ತು ಮಾತ್ರ ಖಾಕಿ ಬಣ್ಣದ ಮಣ್ಣಿನ ಗೋಡೆ ಕಂಡರೂ ಎದೆ ಧಸಕ್ಕೆನ್ನುತ್ತಿತ್ತು.

ಹೆಬ್ಬೂರು ದಾಟಿದ ಮೇಲೆ ನಿಜವಾದ ಖಾಕಿಯೇ ಕಂಡಿತು. ದಪ್ಪ ಮೀಸೆಯ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಬಗ್ಗಿ ಟೋಕನ್ ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಏನ್ರೀ ಸಾಬ್ರೇ, ಇದು ಸರ್ಕಾರಿ ಕಾಗ್ದಾನೋ, ಅಂಗಿ ಕಾಲರ್ರೋ?"

ಅಬ್ಬಾ ನನ್ನ ಕಡೆ ತಿರುಗಿದರು.

"ನಾನೇ ಸಾರ್" ಎಂದೆ. "ದೊಡ್ಡದಾಗಿ ಕತ್ತರಿಸ್ದೆ, ಕೂರ್ಲಿಲ್ಲ. ಆಮೇಲೆ ಚಿಕ್ಕದಾಗೋಯ್ತು. ಅಬ್ಬಾ ಹೊಲ್ದುಕೊಟ್ರು."

ಅವರು ಡಬ್ಬಿ ಬಿಚ್ಚಿಸಿದರು. ನಂಬರನ್ನು ಗಾಡಿಯ ನಂಬರಿನ ಜೊತೆ ಹೋಲಿಸಿದರು. ಮೊಹರಿನ ಮೇಲೆ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮೀಸೆ ಅಲ್ಲಾಡತೊಡಗಿತು. ನಗುತ್ತಿದ್ದಾರೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಇನ್ನೊಂದ್ಸಲ ಕತ್ರಿ ಮುಟ್ತೀಯೇನ್ಲಾ?"

"ಅಬ್ಬಾ ಬಿಟ್ರೆ ಮುಟ್ತೀನಿ ಸಾರ್."

ಅವರು ಗಟ್ಟಿಯಾಗಿ ನಕ್ಕು "ಹೊರಡಿ, ಹೊರಡಿ" ಎಂದರು. ಆದರೆ ಅಬ್ಬಾ ಹೊರಡಬೇಕಲ್ಲ! ಪೊಲೀಸರ ಜೇಬಿನ ಗುಂಡಿಯೊಂದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಅಂಥದ್ದನ್ನು ಕಂಡರೆ ನಮ್ಮ ಅಬ್ಬಾನಿಗೆ ಅನ್ನ ಸೇರುವುದಿಲ್ಲ. "ಒಂದ್ನಿಮ್ಷ ಅಲ್ಲಾಡ್ಬೇಡಿ ಸಾರ್" ಎಂದವರೇ ತಮ್ಮ ಕಾಲರಿನಲ್ಲಿ ಸಿಕ್ಕಿಸಿದ್ದ ಸೂಜಿ ತೆಗೆದು ಹೊಲಿಯತೊಡಗಿದರು. ಪೊಲೀಸರು ನಡುರಸ್ತೆಯಲ್ಲಿ ಕೈ ಅಗಲಿಸಿ ಬೊಂಬೆಯ ಹಾಗೆ ನಿಂತರು. ಹೊತ್ತು ಮೀರುತ್ತಿದೆ ಎಂದು ನಾನು ಕೋಟು ಹಿಡಿದು ಹಿಂದೆ ಚಡಪಡಿಸುತ್ತಿದ್ದೆ.

ಕುಣಿಗಲ್ ಕೆರೆಯ ನೀರು ಕೆಂಪಾಗುವ ಹೊತ್ತಿಗೆ ಮದುವೆ ಮನೆ ತಲುಪಿದೆವು. ಗಂಡು ಬರೀ ಅಂಗಿಯಲ್ಲಿ ಬಾಗಿಲಲ್ಲೇ ಕಾಯುತ್ತಿದ್ದ. ಕೋಟು ಹೇಳಿ ಮಾಡಿಸಿದಂತೆ ಕೂತಿತು. ನನಗೆ ಎರಡು ಲಾಡು ಕೊಟ್ಟರು. ಅಷ್ಟು ಸಿಹಿಯಾದ ಲಾಡು ಮತ್ತೆ ಸಿಗಲಿಲ್ಲ.

ಮರುವರ್ಷ ಹೊಸ ಟೋಕನ್ ಬಂದಾಗ ಅಬ್ಬಾ ಅದನ್ನೂ ಸಣ್ಣ ಕತ್ತರಿಯನ್ನೂ ನನ್ನ ಮುಂದೆ ಇಟ್ಟರು. ಆಪಾ ಹೌಹಾರಿದಳು. "ಇರ್ಲಿ ಬುಡಮ್ಮ" ಎಂದರು ಅಬ್ಬಾ. "ಕೆಡಿಸ್ದೋನಿಗೇ ಗೊತ್ತಿರ್ತದೆ, ಎಲ್ಲಿ ಕೆಡ್ತದೆ ಅಂತ." ಆಮೇಲೆ ವರ್ಷವರ್ಷವೂ ನಾನೇ ಕತ್ತರಿಸಿದೆ. ಕೊನೆಗೆ ಒಂದೇ ಸಲ ಕಟ್ಟುವ ತೆರಿಗೆ ಬಂತು, ಬಿಲ್ಲೆಗಳು ಮಾಯವಾದವು.

ಆ ಮೋಟಾರ್ ಸೈಕಲ್ ಈಗ ನಮ್ಮ ಮನೆಯ ಅಂಗಳದಲ್ಲಿದೆ. ಈ ವರ್ಷ ಹಳೆಯ ಗಾಡಿಗಳಿಗೆ ಹಾಕುವ ಹಸಿರು ತೆರಿಗೆಯನ್ನು ಅದಕ್ಕೆ ಕಟ್ಟಬೇಕಾಗಿ ಬಂದಾಗ, ಮೊಮ್ಮಕ್ಕಳಾದ ನೀವಿಬ್ಬರೂ ಸೋಫಾದ ಮೇಲೆ ಕೂತು, ಕಡಲೆಪುರಿ ತಿನ್ನುತ್ತ, ಮೊಬೈಲಿನಲ್ಲೇ ಮುಗಿಸಿಬಿಟ್ಟಿರಿ. "ಕಾಗದ ಎಲ್ರೋ?" ಎಂದರೆ "ಕಾಗದ ಇಲ್ಲ ದಾದಾ, ಇದ್ರಲ್ಲೇ ಇರತ್ತೆ" ಎಂದಿರಿ. ಮಳೆಗೆ ನೆನೆಯುವುದಿಲ್ಲ, ಕಳೆದುಹೋಗುವುದಿಲ್ಲ, ಯಾವ ತಂಟೆ ಹುಡುಗನೂ ಕತ್ತರಿಸಲಾರ. ಒಳ್ಳೆಯದೇ ಬಿಡಿ, ನನಗೂ ಖುಷಿಯಾಯಿತು. ಆದರೂ ಕೈ ಚಾಚಿ ಒಂದು ಗಳಿಗೆ ಬೆಪ್ಪನಂತೆ ನಿಂತಿದ್ದೆ.

ನಡುವೆ ನೀವು ಗಾಡಿಯ ನಂಬರನ್ನು ತಪ್ಪಾಗಿ ಒತ್ತಿದಿರಿ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದ ಕೂಡಲೇ ತಪ್ಪು ಆಗಲೇ ಇಲ್ಲವೆಂಬಂತೆ ಅಳಿಸಿಹೋಯಿತು. ನನ್ನ ತಪ್ಪು ಮಾತ್ರ ಇಡೀ ಒಂದು ವರ್ಷ ಗಾಜಿನ ಹಿಂದೆ ಕೂತು ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲ ತಿರುಗಿತು. ನಿಂತಲ್ಲೆಲ್ಲ ಜನ ಬಗ್ಗಿ ನೋಡಿ ಇದೇನೆಂದು ಕೇಳುತ್ತಿದ್ದರು. ಅಬ್ಬಾ ಹಿಂದೆ ಕೂತ ನನ್ನ ಮೊಣಕಾಲು ತಟ್ಟಿ, ನನ್ನ ಕಿವಿ ಕೆಂಪಾಗುವಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು.

"ಕತ್ತರಿಸಿದ್ದು ಇವ್ನು, ಹೊಲಿದಿದ್ದು ನಾನು. ಅಪ್ಪ ಮಗ ಸೇರಿ ಮಾಡಿದ್ದು."