ಇಕೋ ಬಟನ್ ಒತ್ತುತ್ತಿದ್ದ ಕಾಕಾ

ಅವರು ಕಾರು ನಡೆಸುತ್ತಿದ್ದದ್ದು ಬರಿಗಾಲಲ್ಲಿ. ಚಪ್ಪಲಿಯನ್ನು ಡಿಕ್ಕಿಯಲ್ಲಿಟ್ಟು ಬಂದು ಕೂರುತ್ತಿದ್ದರು. ಬಲಗಾಲಿನ ಹೆಬ್ಬೆರಳ ಉಗುರು ಕರ್ರಗಿತ್ತು, ಯಾವ ಕಾಲದಲ್ಲೋ ತೊಗರಿ ಚೀಲ ಬಿದ್ದು ಜಜ್ಜಿದ್ದು. ಆ ಕಾಲನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಎಕ್ಸಲರೇಟರ್ ಮೇಲೆ ಇಡುತ್ತಿದ್ದರು.

ಅಫಜಲಪುರದಲ್ಲಿ ನಮ್ಮ ಪಕ್ಕದ ಮನೆಯವರು, ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದವರು. ರಕ್ತಸಂಬಂಧವೇನೂ ಇಲ್ಲ. ಆದರೂ ನನಗೆ ಬುದ್ಧಿ ಬಂದಾಗಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು.

ಅವ್ವನ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಕಲಬುರಗಿಗೆ ಹೋಗಬೇಕಾಯಿತು. ಬಸ್ಸು ಹತ್ತಿಸಿದೆ, ಬಾಡಿಗೆ ಜೀಪು ಮಾಡಿದೆ. ಮರಳುವಾಗ ಪ್ರತಿ ಸಲವೂ ತಲೆ ತಿರುಗಿ ವಾಂತಿ. ಒಂದು ಮುಂಜಾನೆ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಸಾಕ್ ಬೇ. ನಾ ಇನ್ನ ಬರಂಗಿಲ್ಲ. ಸತ್ರ ಮನ್ಯಾಗ ಸಾಯ್ತೇನಿ." ನಾನು ಬೈದೆ, ಕೈಮುಗಿದೆ, ಅತ್ತೂಬಿಟ್ಟೆ. ಅವಳು ಜಪ್ಪಯ್ಯ ಅನ್ನಲಿಲ್ಲ. ಗದ್ದಲ ಕೇಳಿ ಕಾಕಾ ಬಂದರು.

"ಅಕ್ಕಾ, ನನ್ನ ಗಾಡ್ಯಾಗ ಒಂದ್ ಸಲ ಬರ್ರಿ. ಅದರಾಗೂ ತ್ರಾಸ್ ಆದ್ರ ನಾ ಮತ್ತ ಕರೆಯಂಗಿಲ್ರಿ."

ಅವ್ವ ಎದ್ದಳು. ಅಂದಿನಿಂದ ಆ ದಾರಿಗೆ ಅವರೇ ಸಾರಥಿ. ಪೆಟ್ರೋಲಿನ ಮಾತೆತ್ತಿದರೆ ಕಿವಿ ಕೇಳದವರಂತೆ ಇದ್ದುಬಿಡುತ್ತಿದ್ದರು.

ಕಾರು ಗೇರು ಬದಲಿಸುವ ಗೋಜಿಲ್ಲದ್ದು. ಹೊರಡುವ ಮೊದಲು ಸ್ಟೇರಿಂಗ್ ಮುಟ್ಟಿ ನಮಸ್ಕರಿಸಿ, ಪೆಟ್ರೋಲ್ ಉಳಿಸಲೆಂದು ಕೊಟ್ಟಿರುವ ಇಕೋ ಎಂಬ ಹಸಿರು ಬಟನ್ ಒತ್ತುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು, ಬಾಯಿ ಸುಮ್ಮನಿರುವುದಿಲ್ಲ. "ಕಾಕಾ, ಅದು ಎಕ್ಸಲರೇಟರ್ ಸೋಂಬೇರಿ ಮಾಡ್ತದ, ಏಸಿ ಸ್ವಲ್ಪ ಕಡಿಮಿ ಮಾಡ್ತದ, ಅಷ್ಟೇ. ಗಕ್ಕನೆ ಕಾಲು ಒತ್ತೋರಿಗಿ ಪೆಟ್ರೋಲ್ ಉಳೀಬೌದು. ನಿಮ್ಮಂಥ ಕಾಲಿಗಿ ಏನ್ ಉಳೀತದ್ರಿ?" ಎಂದು ಕೆಣಕುತ್ತಿದ್ದೆ.

"ನೋಡೇ ಬಿಡಮು" ಎಂದರು ಒಮ್ಮೆ.

ಅವ್ವನನ್ನು ಮನೆಯಲ್ಲೇ ಬಿಟ್ಟು ಒಂದು ಭಾನುವಾರ ಪೆಟ್ರೋಲ್ ಟಾಕಿ ತುಂಬಿಸಿ, ಬಟನ್ ಒತ್ತಿ ಕಲಬುರಗಿಗೆ ಹೋಗಿ ಬರುವುದು, ಮುಂದಿನ ಭಾನುವಾರ ಒತ್ತದೆ ಹೋಗಿ ಬಂದು ಪೆಟ್ರೋಲ್ ಲೆಕ್ಕ ಹೋಲಿಸುವುದು ಎಂದಾಯಿತು. ಆದರೆ ನಮ್ಮ ಕಡೆ ರಸ್ತೆಯ ಬದಿ ಕೈ ಮಾಡಿದವರನ್ನು ಬಿಟ್ಟು ಹೋಗುವ ರೂಢಿಯಿಲ್ಲ, ಕಾಕಾನಿಗಂತೂ ಅದು ಆಗದ ಮಾತು. ಮೊದಲ ಭಾನುವಾರ ಶೇಂಗಾ ಚೀಲದ ಸಮೇತ ಒಂದಿಡೀ ಸಂಸಾರ ಹತ್ತಿತು. ಲೆಕ್ಕ ಕೆಟ್ಟಿತೆಂದು ಮತ್ತೆ ಮೊದಲಿಂದ ಹೊರಟಾಗ ಯಾರನ್ನೂ ಹತ್ತಿಸಬಾರದೆಂದು ನಾನು ಆಣೆ ಹಾಕಿಸಿದೆ. ಹವಳಗಾ ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿದ್ದಾಗ ಬಿಸಿಲಲ್ಲಿ ಒಬ್ಬ ಮುದುಕಿ ಕೈ ಮಾಡಿದಳು. ಕಾಕಾ ನೆಟ್ಟಗೆ ಮುಂದೆ ನೋಡುತ್ತ ಹೋದರು. ಸ್ವಲ್ಪ ದೂರ ಹೋಗಿ, ನನ್ನ ಕಡೆ ನೋಡದೆಯೇ ಗಾಡಿ ತಿರುಗಿಸಿದರು. ಅವಳ ಊರು ಒಳದಾರಿಯಲ್ಲಿತ್ತು, ಮನೆಯ ತನಕ ಬಿಟ್ಟು ಬಂದೆವು. ಪರೀಕ್ಷೆ ಅಲ್ಲಿಗೆ ಮಣ್ಣುಪಾಲು. ನನಗೆ ಸಿಟ್ಟು, ಅವರಿಗೆ ನಗು.

ಆಮೇಲೊಂದು ಸಂಜೆ ಆಸ್ಪತ್ರೆಯಿಂದ ಮರಳುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ ನಿದ್ದೆ ಹೋಗಿದ್ದಳು. ನಾನು ಮತ್ತೆ ಬಟನ್ನಿನ ಮಾತನ್ನೇ ತೆಗೆದೆ. ಕಾಕಾ ದನಿ ಇಳಿಸಿ ಹೇಳಿದರು:

"ಪೆಟ್ರೋಲ್ ಉಳಿಯಂಗಿಲ್ಲ ಅಂತ ನನಗೂ ಗೊತ್ತದ ಬೇ. ಇದು ಒತ್ತಿದ್ರ ಗಾಡಿ ಜಿಗಿಯಂಗಿಲ್ಲ. ವಯಸ್ಸಾದ ಕಾಲು, ಎಲ್ಲೆರ ಜೋರ್ ಬಿತ್ತಂದ್ರ ನಿಮ್ಮವ್ವಗ ಹೊಟ್ಟಿ ತೊಳಸ್ತದ. ಆಕಿ ಮತ್ತ ಬರಂಗಿಲ್ಲ ಅಂತ ಕುಂತ್ರ ಏನ್ ಮಾಡೋದು?"

ಅವರ ಕಾರಿನಲ್ಲಿ ಅವ್ವ ಒಮ್ಮೆಯೂ ವಾಂತಿ ಮಾಡಿರಲಿಲ್ಲ. ನಾನು ಅದನ್ನು ಅವಳ ಅದೃಷ್ಟ ಎಂದುಕೊಂಡಿದ್ದೆ.

ಕಳೆದ ತೊಗರಿ ಸುಗ್ಗಿ ಮುಗಿಯುವ ಹೊತ್ತಿಗೆ, ಬೆಳಿಗ್ಗೆ ಲಿಂಗಪೂಜೆಗೆ ಕೂತ ಕಾಕಾ ಹಾಗೆಯೇ ಗೋಡೆಗೆ ಒರಗಿದರು. ಮತ್ತೆ ಏಳಲಿಲ್ಲ. ಅಂದು ಅವ್ವನ ಡಯಾಲಿಸಿಸ್ ದಿನ. ಹಿಂದಿನ ಸರದಿ ಜ್ವರದಿಂದ ತಪ್ಪಿತ್ತು, ಅವಳ ಕಾಲು ಬಾತು ಉಸಿರು ಭಾರವಾಗಿತ್ತು. ಕಾಕಾನಿಗೆ ವಿಭೂತಿ ಹಚ್ಚಿ, ಹೂವು ಹಾಕಿ ಪಡಸಾಲೆಯಲ್ಲಿ ಕೂರಿಸಿದ್ದರು. ಭಜನೆ ನಡೆದಿತ್ತು. ಅವ್ವ ಅವರ ಎದುರು ಕೂತು ಏಳಲೇ ಒಲ್ಲಳು.

"ಅವರ ಮಣ್ಣಿಗಿ ಇರದಂಗ ನಾ ಹ್ಯಾಂಗ ಹೋಗ್ಲಿ? ಏನಾರ ಆಗ್ಲಿ, ಇವತ್ತ ಬ್ಯಾಡ."

ಹೆಂಗಸರ ನಡುವಿನಿಂದ ಕಾಕು ಎದ್ದು ಬಂದರು. ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು.

"ಅಕ್ಕನ್ನ ಕರ್ಕೊಂಡ್ ಹೋಗು. ಅವರಿದ್ದಿದ್ರ ಇಷ್ಟೊತ್ತಿಗಿ ಹಾರ್ನ್ ಹೊಡೀತಿದ್ರು."

ಅವ್ವ ಕಾಕಾನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಕಾರು ಹತ್ತಿದಳು. ನಾನೇ ಸ್ಟೇರಿಂಗ್ ಹಿಡಿದೆ. ಕಾಕಾನನ್ನು ಹೊಲದಲ್ಲಿ ಕುಣಿಗೆ ಇಳಿಸುವ ಹೊತ್ತಿಗೆ ಅವ್ವನ ರಕ್ತ ಮಷೀನಿನಲ್ಲಿ ಹರಿಯುತ್ತಿತ್ತು, ನಾನು ಅವಳ ಕಾಲು ತಿಕ್ಕುತ್ತ ಕೂತಿದ್ದೆ. ನನಗೆ ಅಷ್ಟು ಮಾಡಿದವರಿಗೆ ಒಂದು ಹಿಡಿ ಮಣ್ಣು ಹಾಕಲು ನನ್ನಿಂದ ಆಗಲಿಲ್ಲ.

ಸಂಜೆ ಮರಳಿದಾಗ ಅವ್ವ ನಮ್ಮ ಮನೆಗೆ ಬರಲಿಲ್ಲ. ಗೋಡೆ ಹಿಡಿದುಕೊಂಡು ನೇರ ಪಕ್ಕದ ಮನೆಗೆ ಹೋಗಿ ಕಾಕುವಿನ ಹತ್ತಿರ ಕೂತಳು.

"ಹೋಗಿ ಬಂದೇನಿ ತಂಗಿ" ಎಂದಳು.