ದೊಡ್ಡತಿಮ್ಮಪ್ಪನ ಎಲೆ

ಓಬಳೇಶಪ್ಪನಿಗೆ ಕುರ್ಚಿ ಎಂದರೆ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಕಂಬ ಹತ್ತಿದ ಮನುಷ್ಯ, ನೆಲದ ಮೇಲಿದ್ದಾಗಲೂ ಯಾರೋ ಕರೆದಂತೆ ರಸ್ತೆ ನೋಡುತ್ತ ನಿಂತಿರುತ್ತಿದ್ದ. ನಿವೃತ್ತಿಯಾದ ಮೇಲೆ ಆ ಚಡಪಡಿಕೆಯೆಲ್ಲ ಒಬ್ಬನ ಬೆನ್ನು ಹತ್ತಿತು: ದೊಡ್ಡತಿಮ್ಮಪ್ಪ.

ದೊಡ್ಡತಿಮ್ಮಪ್ಪ ಅವನ ಅಜ್ಜನ ಅಜ್ಜ, ತುರುವನೂರಿನ ಕುರಿಗಾರ. ಬ್ರಿಟಿಷರ ಆಡಳಿತದಲ್ಲಿ ಕಂದಾಚಾರ ಎಂಬ ಪಡೆಯಿತ್ತು. ಊರಿನವರೇ ಪೇದೆಗಳು; ಸುಮ್ಮನಿದ್ದಾಗ ಹೊಲ, ಕುರಿ, ಕರೆ ಬಂದರೆ ಕೋವಿ. ಹಾಗೊಮ್ಮೆ ಕರೆ ಬಂದು ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ. ಹಿರಿಯರ ಹಬ್ಬದ ದಿನ ಕರಿ ಕಂಬಳಿ ಹಾಸಿ, ಸತ್ತವರಿಗೆಲ್ಲ ಎಲೆ ಹಾಕಿ ಎಡೆ ಬಡಿಸುತ್ತಾರೆ. ದೊಡ್ಡತಿಮ್ಮಪ್ಪನಿಗೆ ಎಲೆ ಮಾತ್ರ ಹಾಕುತ್ತಾರೆ, ಬಡಿಸುವುದಿಲ್ಲ. ಸತ್ತದ್ದು ಗೊತ್ತಿಲ್ಲದವನಿಗೆ ಬಡಿಸಿದರೆ ನಾವೇ ಕೊಂದ ಹಾಗೆ ಎಂದು. ನಾಲ್ಕು ತಲೆಮಾರು ಆ ಎಲೆ ಖಾಲಿ. ತಾನು ಕಣ್ಣು ಮುಚ್ಚುವುದರೊಳಗೆ ಅದರ ಮೇಲೊಂದು ಮುದ್ದೆ ಬೀಳಬೇಕು ಎನ್ನುವುದು ಓಬಳೇಶಪ್ಪನ ಹಟ.

ಹಳೆಯ ಕಾಗದ ಓದಿ ಹೇಳಲು ಅವನು ಹಿಡಿದದ್ದು ಗೆಳೆಯ ಜಯಕುಮಾರನನ್ನು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರನ್ನು. ಇಬ್ಬರೂ ಒಂದೇ ಬೈಕಿನಲ್ಲಿ ಕಚೇರಿಯಿಂದ ಕಚೇರಿಗೆ ತಿರುಗಿದರು. ತುರುವನೂರಿನ ಹೋಟೆಲಿನಲ್ಲಿ ಜನ ಕಿಚಾಯಿಸುತ್ತಿದ್ದರು.

"ನಮ್ಮಜ್ಜ ಸ್ವಾತಂತ್ರ್ಯದ ಚಳವಳೀಲಿ ಈಚಲು ಮರ ಕಡ್ದು ಜೈಲಿಗೋದ. ನಿಮ್ಮೋನು ಬಿಳಿಯರ ಪೇದೆ. ಅಂತೋನ್ನ ಏನ್ ಹುಡುಕ್ತೀಯೋ?"

"ಹುಡುಕಿ ತಂದು ನಿಮ್ಮಜ್ಜನ ಪಕ್ಕಾನೇ ಕುಂಡ್ರಿಸ್ತೀನಿ. ಮೊದ್ಲು ಟೀ ಹೇಳಲೇ."

ಎರಡು ವರ್ಷದ ಹಿಂದೆ, ಹೊಸದುರ್ಗದಲ್ಲಿ ಯಾರದೋ ಮನೆಯಲ್ಲಿ ಹಳೆಯ ದಫ್ತರ ಇದೆಯೆಂದು ಕೇಳಿ ಹೊರಟಿದ್ದರು. ಹೊಳಲ್ಕೆರೆ ದಾಟಿದ ಮೇಲೆ ರಸ್ತೆ ತುಂಬ ಕುರಿ. ಹಿಂದೆ ಕುಳಿತಿದ್ದ ಓಬಳೇಶಪ್ಪ ಬೈಕ್ ನಿಲ್ಲುವ ಮೊದಲೇ ಇಳಿದು, ಒಂದು ಕುರಿಯ ಕಿವಿ ಹಿಡಿದು ಕೂಗಿದ.

"ಲೇ, ಇವು ನಮ್ಮ ಕುರಿ!"

ಎಡಗಿವಿಯ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು, ಅದರ ಕೆಳಗೆ ಎರಡು ಸೀಳು. ಕುರಿಗಾರರಲ್ಲಿ ಮನೆಗೊಂದು ಕಿವಿಗುರುತು. ಒಬ್ಬರದನ್ನು ಇನ್ನೊಬ್ಬರು ಹಾಕುವುದಿಲ್ಲ. ಓಬಳೇಶಪ್ಪನ ಅಕ್ಕ ಮುದ್ದಕ್ಕನ ಮಂದೆಯಿಂದ ಆ ವರ್ಷ ಆರು ಕುರಿ ಕಳುವಾಗಿದ್ದವು.

ಕುರಿ ಕಾಯುತ್ತಿದ್ದ ಕರಿಯಣ್ಣ ಕೋಲೆತ್ತಿಕೊಂಡು ಬಂದ. "ಯಾವನಲೇ ನೀನು? ಹಾಡಹಗಲೇ ಕದಿಯಾಕೆ ಕನ್ನಡಕದೋನ್ನ ಬೇರೆ ಕರ್ಕಂಡು ಬಂದೀಯ!"

ಜಗಳ ಅವನ ಹಟ್ಟಿಯವರೆಗೂ ಹೋಯಿತು. ಬಿಡಿಸಿದವಳು ಅವನ ತಾಯಿ ನಿಂಗಕ್ಕ.

"ಬರ್ರಿ, ನೆಳ್ಳಿಗೆ ಕುಂತ್ಕಳ್ರಿ. ಈ ಗುರುತು ನಮ್ಮ ಪೇದೆಯಜ್ಜ ತಂದಿದ್ದು. ಸರ್ಕಾರದ ಕೋವೀನ ಬಾವಿಗೆಸೆದು ಓಡಿ ಬಂದಿದ್ನಂತೆ. ನಮ್ಮೋರು ಮನೆಯಾಗೆ ಇಟ್ಕಂಡ್ರು, ಇಲ್ಲೇ ಹೆಣ್ಣು ಕೊಟ್ರು. ಊರು, ಹೆಸ್ರು ಸಾಯೋತನಕ ಬಾಯಿ ಬಿಡಲಿಲ್ಲ. ಬಿಟ್ರೆ ಅಲ್ಲಿರೋ ಮಕ್ಕಳನ್ನ ಹಿಡಿತಾರೆ ಅಂತ ಹೆದ್ರಿಕೆ. ಅಗೋ, ಅವನ ಕಲ್ಲು ಐತೆ. ವರ್ಷಾ ವರ್ಷಾ ಎಡೆ ಇಕ್ತೀವಿ."

ಓಬಳೇಶಪ್ಪ ಆ ಕಲ್ಲಿನ ಮುಂದೆ ಕುಳಿತ. ಅಷ್ಟು ಹೊತ್ತು ಅವನು ಒಂದೇ ಕಡೆ ಕುಳಿತದ್ದನ್ನು ಜಯಕುಮಾರ ಅದಕ್ಕೆ ಮೊದಲು ನೋಡಿರಲಿಲ್ಲ.

ವಾಪಸು ಬರುವಾಗ ಓಬಳೇಶಪ್ಪ ಹಿಂದಿನಿಂದ ಕೂಗಿ ಹೇಳಿದ, "ಈ ಸಲ ಬಡಿಸಾಣ ಮೇಷ್ಟ್ರೇ."

"ಹೆಸರಿಲ್ಲ, ಊರಿಲ್ಲ. ಬೇರೆ ಯಾವನೋ ಇದ್ದರೆ? ಒಂದು ದಾಖಲೆ ಸಿಗಲಿ."

"ಕುರಿ ಕಿವಿ ಸುಳ್ಳು ಹೇಳ್ತೈತಾ?"

"ಕಿವಿ ಏನೂ ಹೇಳಲ್ಲ ಕಣಯ್ಯ. ನಾವು ಹೇಳಿಸ್ತೀವಿ."

ಓದಿದವರ ಮಾತಿಗೆ ಓಬಳೇಶಪ್ಪ ಯಾವತ್ತೂ ಎದುರಾಡಿದವನಲ್ಲ. ಆ ವರ್ಷ ಎಲೆ ಖಾಲಿಯೇ ಉಳಿಯಿತು, ಮರುವರ್ಷವೂ ಉಳಿಯಿತು. ನಡುವೆ ಹತ್ತಾರು ಅರ್ಜಿ. ಬಂದದ್ದು ಒಂದೇ ಉತ್ತರ: ಕಡತ ಲಭ್ಯವಿಲ್ಲ. ಈ ಆಷಾಢದಲ್ಲಿ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಕಾಣಿಸುವ ಮೊದಲೇ ಎದ್ದು ನಿಂತವನು ಹಾಗೇ ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿದ್ದ. ಅಂಗಿಯ ಜೇಬಿನಲ್ಲಿ ಜಯಕುಮಾರ ಬರೆದುಕೊಟ್ಟ ಇನ್ನೊಂದು ಅರ್ಜಿಯಿತ್ತು.

ಹಿರಿಯರ ಹಬ್ಬಕ್ಕೆ ಮುದ್ದಕ್ಕ ಮೇಷ್ಟ್ರನ್ನು ಕರೆದಳು. ಕಂಬಳಿಯ ಮೇಲೆ ಸಾಲಾಗಿ ಎಲೆ. ಕೊನೆಯದು ತಮ್ಮನದು, ಅದರ ಪಕ್ಕಕ್ಕೆ, ಅವಳೇ ಜಾಗ ಬದಲಿಸಿ, ದೊಡ್ಡತಿಮ್ಮಪ್ಪನ ಎಲೆ ಹಾಕಿದ್ದಳು. ಮುದ್ದೆಯ ತಟ್ಟೆ ಹಿಡಿದು ನಿಂತವಳು ಕೇಳಿದಳು:

"ಕಾಗದ ಏನಾರ ಬಂತಾ ಮೇಷ್ಟ್ರೇ?"

"ಇಲ್ಲಕ್ಕ."

ಅವಳ ಕೈ ಅಲ್ಲೇ ನಿಂತಿತು. ಜಯಕುಮಾರ ಎದ್ದ, ಬಾಗಿಲತನಕ ಹೋದ, ತಿರುಗಿ ಬಂದ. ದೊಡ್ಡಿಯಲ್ಲಿ ಒಂದು ಮರಿ, ಹೊಸದಾಗಿ ಗುರುತು ಹಾಕಿದ ಕಿವಿಯನ್ನು ಕೊಡವುತ್ತಿತ್ತು.

"ಬಡಿಸಕ್ಕ."

"ಯಾರಿಗೆ ಮೊದ್ಲು?"

"ದೊಡ್ಡತಿಮ್ಮಪ್ಪಗೆ. ಇಲ್ಲಾಂದ್ರೆ ನಿನ್ನ ತಮ್ಮ ಉಣ್ಣಲ್ಲ."

ಮುದ್ದಕ್ಕ ಮುದ್ದೆ ಇಟ್ಟು, ಗುಳಿ ಮಾಡಿ, ಸಾರು ಬಿಟ್ಟಳು. ಆಮೇಲೆ ಎಲ್ಲರ ಜೊತೆ ಊಟಕ್ಕೆ ಕುಳಿತ ಜಯಕುಮಾರ ಮುದ್ದೆ ಮುರಿದು ಆ ಎಲೆಯನ್ನೇ ನೋಡಿದ. ಬಡಿಸು ಎಂಬ ಆ ಒಂದು ಮಾತನ್ನು ಹೋದ ವರ್ಷ, ಓಬಳೇಶಪ್ಪ ಇದ್ದಾಗಲೇ ಹೇಳಬಹುದಿತ್ತು. ಇವತ್ತು ಹೇಳುವುದಕ್ಕೂ ಹೊಸ ಕಾಗದವೇನೂ ಬಂದಿರಲಿಲ್ಲ.